ಕಡಲಿದೆ ಸರಿ, ಮಕ್ಕಳು ಆಡುವುದೆಲ್ಲಿ?

ಕುಂದಾಪುರದ ಕಡೆ ಪಾರ್ಕಿನ ಮಾತು ತೆಗೆದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಹ್ವಾಯ್, ನಮ್ಗ್ ಪಾರ್ಕ್ ಎಂತಕೆ ಮರಾಯ್ರೆ? ಕಡ್ಲ್ ಇಲ್ಯಾ?" ಕಡಲು ಇದ್ದೇ ಇದೆ. ಕೋಡಿಯಲ್ಲಿದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ. ಬೈಂದೂರಿಗೆ ಸೋಮೇಶ್ವರದ ಮರಳದಂಡೆಯೂ ಒತ್ತಿನೆಣೆ ಗುಡ್ಡವೂ ಒಟ್ಟಿಗೇ ದಕ್ಕಿವೆ. ಬ್ರಹ್ಮಾವರದ ಸುತ್ತ ಸೀತಾ ನದಿ, ಬಾರ್ಕೂರಿನ ಹಳೆಯ ಕೆರೆಗಳು. ಇಷ್ಟೆಲ್ಲ ಇರುವ ಸೀಮೆಯಲ್ಲಿ ಪಾರ್ಕು ಕೇಳುವುದು ಮೀನು ಪೇಟೆಯಲ್ಲಿ ನಿಂತು ಮೀನು ಸಿಗುವುದಿಲ್ಲ ಎಂದು ದೂರಿದ ಹಾಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಆದರೆ ಶಾಲೆ ಬಿಟ್ಟು ಬಂದ ಎಂಟು ವರ್ಷದ ಹುಡುಗಿ ಒಬ್ಬಳೇ ಕಡಲಿಗೆ ಹೋಗುವಂತಿಲ್ಲ. ಮಂಡಿ ನೋವಿನ ಅಜ್ಜಿಗೆ ಮರಳಿನಲ್ಲಿ ಕಾಲು ಕೀಳಲಾಗುವುದಿಲ್ಲ. ಗಾಲಿಕುರ್ಚಿಯಲ್ಲಿರುವವರು ರಸ್ತೆಯಂಚಿನಿಂದಲೇ ಅಲೆ ನೋಡಿ ತಿರುಗಬೇಕು. ಜೂನ್ ಹಿಡಿಯಿತೆಂದರೆ ಮಳೆಗಾಲ ಮುಗಿಯುವವರೆಗೆ ಯಾರೂ ನೀರಿನ ಹತ್ತಿರ ಸುಳಿಯಬಾರದೆಂಬ ಎಚ್ಚರಿಕೆ ಬೇರೆ. ಕಡಲು ಭಾನುವಾರಕ್ಕೆ ಆದೀತು. ಉಳಿದ ಆರು ಸಂಜೆಗಳಿಗೆ ಬೇಕಾದದ್ದು, ಚಪ್ಪಲಿ ಮೆಟ್ಟಿ ಮನೆಯಿಂದ ಹೊರಟರೆ ಹತ್ತು ನಿಮಿಷದೊಳಗೆ ಸಿಗುವ ಒಂದು ಜಾಗ.

ಅಂಥ ಜಾಗ ಇಲ್ಲಿ ಹಿಂದೆ ಧಾರಾಳವಾಗಿತ್ತು. ಅದಕ್ಕೆ ಪಾರ್ಕು ಎಂಬ ಹೆಸರಿರಲಿಲ್ಲ, ಅಷ್ಟೆ. ಹಾಡಿ, ಹಕ್ಕಲು, ಗುಡ್ಡೆ, ಬೈಲು ಎಂದು ಒಂದೊಂದಕ್ಕೂ ಒಂದೊಂದು ಹೆಸರು, ಒಂದೊಂದು ಕೆಲಸ. ಕೊಯ್ಲು ಮುಗಿದು ಗದ್ದೆಯ ನೆಲ ಒಣಗಿ ಗಟ್ಟಿಯಾಯಿತೆಂದರೆ ಮುಂದಿನ ಮಳೆಯ ತನಕ ಅದು ಊರಿನದು. ಹಗಲು ದನ ಮೇಯುತ್ತಿದ್ದವು. ಸಂಜೆ ತೆಂಗಿನ ಮಡಲಿನ ಬುಡ ಕೆತ್ತಿ ಮಾಡಿದ ಬ್ಯಾಟು ಹಿಡಿದು ಹುಡುಗರು ಇಳಿಯುತ್ತಿದ್ದರು. ಗದ್ದೆಯ ಅಂಚು ದಾಟಿದರೆ ನಾಲ್ಕು, ತೆಂಗಿನ ಬುಡಕ್ಕೆ ಬಿದ್ದರೆ ಔಟು. ರಾತ್ರಿ ಅದೇ ಗದ್ದೆಯಲ್ಲಿ ಹರಕೆಯ ಆಟದ ರಂಗಸ್ಥಳ. ಯಕ್ಷಗಾನವನ್ನು ಬಯಲಾಟ ಎಂದು ಕರೆದದ್ದು ಸುಮ್ಮನೆ ಅಲ್ಲ. ಹಳೆಯ ದಕ್ಷಿಣ ಕನ್ನಡಕ್ಕೇ ವಿಶಿಷ್ಟವಾದ ಕುಮ್ಕಿಯೂ ಇತ್ತು. ವರ್ಗ ಜಮೀನಿನ, ಅಂದರೆ ಖಾಸಗಿ ಹಿಡುವಳಿಯ, ಗಡಿಯಿಂದ ಸುಮಾರು ನೂರು ಗಜದೊಳಗಿನ ಸರಕಾರಿ ಭೂಮಿ ಅದು. ಅಲ್ಲಿಂದ ಸೊಪ್ಪು, ತರಗೆಲೆ ತರುವ ಸವಲತ್ತು ಪಕ್ಕದ ರೈತನಿಗೆ; ಗೇರುಹಣ್ಣು, ನೇರಳೆ ಹಣ್ಣಿನ ಸವಲತ್ತನ್ನು ಮಕ್ಕಳು ತಾವೇ ಪಡೆದುಕೊಂಡಿದ್ದರು.

ಇದನ್ನೆಲ್ಲ ನೆನೆದು ನಿಟ್ಟುಸಿರು ಬಿಡುವ ಮುಂಚೆ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಬಯಲು ಎಲ್ಲರಿಗೂ ಒಂದೇ ಸಮ ಬಯಲಾಗಿರಲಿಲ್ಲ. ಅಶ್ವತ್ಥಕಟ್ಟೆಯ ಮೇಲೆ ಕಾಲು ಚಾಚಿ ಕೂತು ಊರ ಸುದ್ದಿ ಆಡಿದವರಲ್ಲಿ ಹೆಂಗಸರು ಎಷ್ಟು ಮಂದಿ? ಅಸ್ಪೃಶ್ಯರೆನಿಸಿಕೊಂಡಿದ್ದ ಕೊರಗರ ಮಕ್ಕಳು ಯಾರ ಗದ್ದೆಗೆ ಇಳಿಯಬಹುದಿತ್ತು, ಯಾರದಕ್ಕೆ ಇಳಿಯಬಾರದಿತ್ತು? 1934ರ ಫೆಬ್ರುವರಿಯಲ್ಲಿ ಗಾಂಧೀಜಿ ಉಡುಪಿಗೂ ಕುಂದಾಪುರಕ್ಕೂ ಬಂದದ್ದು ಹರಿಜನ ಯಾತ್ರೆಯ ಮೇಲೆ. ಬಾವಿ, ದಾರಿ, ಗುಡಿ, ಶಾಲೆಗಳು ಎಲ್ಲರಿಗೂ ತೆರೆಯಲಿ ಎಂಬುದು ಆ ಯಾತ್ರೆಯ ಬೇಡಿಕೆ. ಇವತ್ತು ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರರಲ್ಲೂ ಗಾಂಧಿ ಮೈದಾನ ಎಂಬ ಹೆಸರಿನ ಬಯಲುಗಳಿವೆ. ಹೆಸರಿನ ಜೊತೆಗೆ ಆ ಬೇಡಿಕೆಯೂ ಬಂದಿದೆ ಎಂಬುದು ಮಾತ್ರ ಮರೆತುಹೋದಂತಿದೆ.

ಈಗ ಗದ್ದೆಗೆ ಕೆಂಪು ಮಣ್ಣು ಬೀಳುತ್ತದೆ. ಒಂದು ಮಳೆಗಾಲ ಮಣ್ಣು ಕೂರಲೆಂದು ಬಿಡುತ್ತಾರೆ. ಮರುವರ್ಷ ಚಿರೆಕಲ್ಲಿನ ಪಾಗಾರ ಏಳುತ್ತದೆ, ಆಮೇಲೆ ಗೇಟು. ಚೆಂಡು ಪಾಗಾರದಾಚೆ ಬಿದ್ದರೆ ಹೋಯಿತು. ಮಕ್ಕಳು ಯಾರ ಮೇಲೂ ದೂರು ಕೊಡುವಂತಿಲ್ಲ, ಏಕೆಂದರೆ ಆ ಗದ್ದೆಯಲ್ಲಿ ಆಡುವುದು ಯಾವತ್ತೂ ಹಕ್ಕಾಗಿರಲಿಲ್ಲ. ಗದ್ದೆಯ ಯಜಮಾನ ಕಂಡೂ ಕಾಣದ ಹಾಗೆ ಇದ್ದ, ಅಷ್ಟೆ. ಮಾರಿದವನದೂ ತಪ್ಪಿಲ್ಲ, ಕೊಂಡವನದೂ ತಪ್ಪಿಲ್ಲ.

ತಪ್ಪು ಇರುವುದು ಊರು ಬೆಳೆಯುವ ರೀತಿಯಲ್ಲಿ. ಮೈಸೂರು, ದಾವಣಗೆರೆ, ಬೆಂಗಳೂರುಗಳು ಬಡಾವಣೆ ಬಡಾವಣೆಯಾಗಿ ಹಬ್ಬಿದವು. ಬಡಾವಣೆ ಎಂದರೆ ನಕ್ಷೆ ಬೇಕು. ನಕ್ಷೆಗೆ ಮಂಜೂರಾತಿ ಬೇಕಾದರೆ ರಸ್ತೆಗೆ, ಪಾರ್ಕಿಗೆ, ನಾಗರಿಕ ಸೌಲಭ್ಯಕ್ಕೆ ಜಾಗ ಬಿಡಬೇಕು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯಲ್ಲಿ ಬಡಾವಣೆಯ ನೂರಕ್ಕೆ 15 ಭಾಗ ಉದ್ಯಾನ ಮತ್ತು ಆಟದ ಬಯಲಿಗೆ, ಇನ್ನೂ 10 ಭಾಗ ನಾಗರಿಕ ಸೌಲಭ್ಯಕ್ಕೆ ಎಂದು ಬರೆದಿದೆ. ಆ ಜಾಗಗಳು ಮುಂದೆ ಏನಾದವು ಎಂಬುದು ಬೇರೆ ಕತೆ. ಕಾಗದದ ಮೇಲೆ ಒಂದು ಹಸಿರು ಚೌಕವಾದರೂ ಇರುತ್ತದೆ, ಜಗಳಾಡಲು ಒಂದು ಸರ್ವೆ ನಂಬರ್ ಇರುತ್ತದೆ.

ಕುಂದಾಪುರ ಸೀಮೆಯಲ್ಲಿ ಆ ಹಸಿರು ಚೌಕ ಹುಟ್ಟುವುದೇ ಅಪರೂಪ. ಇಲ್ಲಿ ಊರು ಬೆಳೆಯುವುದು ಸೆಂಟ್ಸ್ ಲೆಕ್ಕದಲ್ಲಿ. ಅಪ್ಪನ ಐವತ್ತು ಸೆಂಟ್ಸ್ ಮೂವರು ಮಕ್ಕಳಿಗೆ ಪಾಲಾಗುತ್ತದೆ. ಒಬ್ಬನಿಗೆ ಬೆಂಗಳೂರಿನಲ್ಲಿ ಹೋಟೆಲು, ಇನ್ನೊಬ್ಬ ಮುಂಬಯಿಯಲ್ಲಿ. ಊರಿನಲ್ಲಿದ್ದವನು ಹತ್ತು ಸೆಂಟ್ಸ್ ಇಟ್ಟುಕೊಂಡು ಮಿಕ್ಕದ್ದು ಮಾರುತ್ತಾನೆ. ಕೊಂಡವನು ಭೂಪರಿವರ್ತನೆ ಮಾಡಿಸಿ, ಏಕ ನಿವೇಶನದ ನಕ್ಷೆ ತೆಗೆದು, ಪಂಚಾಯತಿನಲ್ಲಿ ನೈನ್ ಇಲೆವೆನ್‌ಗಾಗಿ ಅಲೆಯುತ್ತಾನೆ. (ಕರಾವಳಿಯಲ್ಲಿ ನೈನ್ ಇಲೆವೆನ್ ಎಂದರೆ ಅಮೆರಿಕದ ಅವಳಿ ಗೋಪುರಗಳಲ್ಲ, ಪಂಚಾಯತಿನ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು ನಮೂನೆ 11. ಅವುಗಳಿಂದಾದ ತಲೆಬಿಸಿಯೂ ಸಣ್ಣದೇನಲ್ಲ.) ಹೀಗೆ ಒಂದರ ಪಕ್ಕ ಒಂದು ಮನೆ ಏಳುತ್ತ ಹತ್ತು ವರ್ಷದಲ್ಲಿ ನೂರು ಮನೆಯಾದರೂ ಕಾನೂನಿನ ಕಣ್ಣಿಗೆ ಅದು ಬಡಾವಣೆಯೇ ಅಲ್ಲ. ಪ್ರತಿ ಮನೆಯ ಕಾಗದಪತ್ರವೂ ಸರಿಯಾಗಿದೆ. ಎಲ್ಲ ಸೇರಿ ಆದ ಊರಿಗೆ ಮಾತ್ರ ಎರಡು ಕಾರು ಎದುರಾಗುವಷ್ಟು ರಸ್ತೆಯಿಲ್ಲ, ಒಂದು ಉಯ್ಯಾಲೆ ಕಟ್ಟುವಷ್ಟು ಸಾರ್ವಜನಿಕ ಜಾಗವಿಲ್ಲ.

ಎಷ್ಟು ಜಾಗ ಬೇಕು? ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2014ರಲ್ಲಿ ಹೊರತಂದ ಯೋಜನಾ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರ್ ತೆರೆದ ಜಾಗ ಇರಲಿ ಎನ್ನುತ್ತದೆ. ಕುಂದಾಪುರ ಪುರಸಭೆಯ ಜನಸಂಖ್ಯೆ 2011ರ ಜನಗಣತಿಯಲ್ಲೇ 30 ಸಾವಿರ ದಾಟಿತ್ತು. ಕಡಿಮೆ ಅಳತೆಯಿಂದಲೇ ಗುಣಿಸಿದರೂ ಸುಮಾರು 74 ಎಕರೆ. ಈ ಅಂಕಿ ಕೇಳಿ ನಗು ಬಂದರೆ ಅದೇ ಪುಸ್ತಕದ ಸಣ್ಣ ಅಳತೆಯನ್ನು ನೋಡಬಹುದು: ಪ್ರತಿ 5 ಸಾವಿರ ಜನರಿಗೆ ಅರ್ಧ ಹೆಕ್ಟೇರಿನ, ಅಂದರೆ ಒಂದೂಕಾಲು ಎಕರೆಯ ಒಂದು ಪಾರ್ಕು. ಆ ಲೆಕ್ಕದಲ್ಲಿ ಕುಂದಾಪುರಕ್ಕೆ ಆರು ಸಾಕು. 23 ವಾರ್ಡುಗಳ ಊರಿಗೆ ನಾಲ್ಕು ವಾರ್ಡಿಗೊಂದು. ಒಟ್ಟು ಏಳೂವರೆ ಎಕರೆ. ದುಬಾರಿ ಹೌದು, ಅಸಾಧ್ಯವಲ್ಲ.

ಇನ್ನು ಯಾರು ಮಾಡಬೇಕು ಎಂಬ ಪ್ರಶ್ನೆ. 1992ರ 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹನ್ನೆರಡನೇ ಅನುಸೂಚಿಯಲ್ಲಿ ಪುರಸಭೆಗಳ 18 ಕೆಲಸಗಳ ಪಟ್ಟಿಯಿದೆ. ಉದ್ಯಾನ, ಆಟದ ಮೈದಾನ ಅದರಲ್ಲಿ 12ನೆಯದು. ಪಂಚಾಯತುಗಳಿಗಾಗಿ ಇರುವ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಗ್ರಂಥಾಲಯವಿದೆ, ಸಂತೆಯಿದೆ, ಉದ್ಯಾನವಿಲ್ಲ. ಹಳ್ಳಿಗೆ ಬಯಲು ಹೇಗೂ ಇದ್ದೇ ಇರುತ್ತದೆ ಎಂಬ ಎಣಿಕೆ ಇದ್ದಿರಬೇಕು. ಬೈಂದೂರು, ಬ್ರಹ್ಮಾವರದಂಥ ಊರುಗಳು ಸಿಕ್ಕಿಕೊಂಡದ್ದು ಈ ಎಣಿಕೆಯ ಸಂದಿಯಲ್ಲಿ. 2018ರಲ್ಲಿ ಎರಡೂ ತಾಲೂಕು ಕೇಂದ್ರಗಳಾದವು. ಬೈಂದೂರಿಗೆ ಪಟ್ಟಣ ಪಂಚಾಯತ್ ಬಂದದ್ದು ಆಮೇಲೆ. ಬ್ರಹ್ಮಾವರ ಪೇಟೆಯಂತೂ ವಾರಂಬಳ್ಳಿ, ಚಾಂತಾರು, ಹಂದಾಡಿ ಎಂದು ಗ್ರಾಮ ಪಂಚಾಯತುಗಳ ನಡುವೆ ಹಂಚಿಹೋಗಿಯೇ ಬೆಳೆಯಿತು. ಪೇಟೆ ಒಂದು, ಆಡಳಿತ ಮೂರು ನಾಲ್ಕು. ಹೊಸ ತಾಲೂಕಿಗೆ ಏನೇನು ಬೇಕು ಎಂಬ ಮನವಿಗಳಲ್ಲಿ ಆಡಳಿತ ಸೌಧ, ನ್ಯಾಯಾಲಯ, ಅಗ್ನಿಶಾಮಕ ಠಾಣೆ, ಬಸ್ ನಿಲ್ದಾಣ ಎಲ್ಲ ಇರುತ್ತವೆ. ಪಾರ್ಕು ಆ ಪಟ್ಟಿಯ ಕೊನೆಗೂ ಬರುವುದು ಅಪರೂಪ.

ಮೈದಾನ ಇದೆಯಲ್ಲ ಎನ್ನುವವರು ಒಂದು ಸಂಜೆ ಯಾವುದಾದರೂ ಮೈದಾನದ ಅಂಚಿನಲ್ಲಿ ಅರ್ಧ ಗಂಟೆ ನಿಂತು ನೋಡಬೇಕು. ನಡುವೆ ಕ್ರಿಕೆಟ್ಟು, ಒಂದು ಮೂಲೆಯಲ್ಲಿ ವಾಲಿಬಾಲು, ಇನ್ನೊಂದು ಮೂಲೆಯಲ್ಲಿ ಸ್ಕೂಟರ್ ಕಲಿಯುವವರು. ಎಲ್ಲ ಒಳ್ಳೆಯದೇ. ಆದರೆ ಆಡುವವರಲ್ಲಿ ಹನ್ನೆರಡು ದಾಟಿದ ಹುಡುಗಿಯರನ್ನು ಎಣಿಸಲು ಒಂದು ಕೈಯ ಬೆರಳು ಹೆಚ್ಚು. ಹಬ್ಬ, ಸಮಾವೇಶ, ಟೂರ್ನಮೆಂಟು ಬಂತೆಂದರೆ ವಾರಗಟ್ಟಲೆ ಚಪ್ಪರ. ಕೂರಲು ಬೆಂಚಿಲ್ಲ, ನೆರಳಿಲ್ಲ, ಶೌಚಾಲಯದ ಮಾತೇ ಬೇಡ. ಮೈದಾನ ಹರೆಯದ ಗಂಡುಮಕ್ಕಳ ಪಾಲಿಗೆ ಇದೆ. ಊರಿನಲ್ಲಿ ಇರುವವರು ಅವರಷ್ಟೇ ಅಲ್ಲವಲ್ಲ.

ಇದು ಕುಂದಾಪುರವೊಂದರ ಕತೆಯಲ್ಲ. ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ 1990ರ ದಶಕದಲ್ಲಿ ಒಂದು ಅಧ್ಯಯನ ನಡೆಯಿತು. ಒಂಬತ್ತು ವರ್ಷ ದಾಟಿದ ಹುಡುಗಿಯರು ಪಾರ್ಕುಗಳಿಂದ ಮಾಯವಾಗುತ್ತಿದ್ದರು, ಹುಡುಗರು ಉಳಿದುಕೊಳ್ಳುತ್ತಿದ್ದರು. ಕಾರಣ ಹುಡುಕಿದರೆ ಸರಳವಾಗಿತ್ತು: ಇಡೀ ಪಾರ್ಕು ಒಂದೇ ದೊಡ್ಡ ಬಯಲು, ಬಲವಿದ್ದವರು ಅದನ್ನು ಹಿಡಿದುಕೊಳ್ಳುತ್ತಿದ್ದರು. 1999ರಲ್ಲಿ ನಗರದ ಐದನೇ ಜಿಲ್ಲೆಯ ಎರಡು ಪಾರ್ಕುಗಳನ್ನು ಹೊಸದಾಗಿ ರೂಪಿಸಿದರು. ಒಂದು ದೊಡ್ಡ ಬಯಲಿನ ಜಾಗದಲ್ಲಿ ಹಲವು ಸಣ್ಣ ಅಂಗಳಗಳಾದವು, ಕಾಲುದಾರಿಗಳು ಹೆಚ್ಚಿದವು. ಹುಡುಗಿಯರು ತಿರುಗಿ ಬಂದರು. ಯಾರಿಗೂ ಉಪದೇಶ ಮಾಡಬೇಕಾಗಲಿಲ್ಲ.

ಬಾಗಿಲು ತೆರೆಯುವ ಹೊತ್ತೂ ಅಷ್ಟೇ ಮುಖ್ಯ. ಬೆಂಗಳೂರಿನ ಪಾಲಿಕೆಯ ಪಾರ್ಕುಗಳು ಬಹುಕಾಲ ನಡುಹಗಲು ಬೀಗ ಹಾಕಿಕೊಂಡಿರುತ್ತಿದ್ದವು. ಡೆಲಿವರಿ ಹುಡುಗ ಊಟದ ಡಬ್ಬಿ ಬಿಚ್ಚಲು, ಮನೆಗೆಲಸದ ಹೆಂಗಸು ಎರಡು ಮನೆಗಳ ನಡುವೆ ಕಾಲು ಚಾಚಲು ನೆರಳು ಬೇಕಾಗುವುದು ಅದೇ ಹೊತ್ತಿನಲ್ಲಿ. ಜನ ಕೇಳಿ ಕೇಳಿ, 2024ರ ಜೂನ್‌ನಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ತೀರ್ಮಾನವಾಯಿತು. ಕುಂದಾಪುರ ಸೀಮೆಯ ಗೇರುಬೀಜದ ಕಾರ್ಖಾನೆಗಳಲ್ಲಿ ದುಡಿಯುವವರು ಬಹುಪಾಲು ಹೆಂಗಸರು. ಕೆಲಸ ಬಿಟ್ಟು ಬಸ್ಸಿಳಿಯುವ ಹೊತ್ತಿಗೆ ಹೊತ್ತು ಕಂತಿರುತ್ತದೆ. ಅವರ ಪಾಲಿಗೆ ಪಾರ್ಕೆಂದರೆ ಮೊದಲು ದೀಪ, ಆಮೇಲೆ ಹೂವಿನ ಗಿಡ.

ದೂರವನ್ನು ಮೀಟರಿನಲ್ಲಿ ಅಳೆದರೆ ಸಾಲದು, ಹೆದ್ದಾರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾದ ಮೇಲೆ ಈ ಮೂರೂ ಊರುಗಳ ನಡುವೆ ಒಂದು ಹೊಳೆ ಹರಿದಂತಾಗಿದೆ. ವ್ಯತ್ಯಾಸವೆಂದರೆ ಹೊಳೆ ದಾಟಲು ದೋಣಿಯಾದರೂ ಇರುತ್ತಿತ್ತು. ನಕ್ಷೆಯಲ್ಲಿ ಇನ್ನೂರು ಮೀಟರ್ ದೂರದ ಬಯಲು ರಸ್ತೆಯಾಚೆ ಇದ್ದರೆ ಆಚೆಯೇ ಉಳಿಯುತ್ತದೆ. ಯಾವ ತಾಯಿಯೂ ಮಗು ಒಂದನ್ನೇ ಕಳಿಸುವುದಿಲ್ಲ.

ಮಳೆಯ ವಿಷಯವನ್ನು ಇಲ್ಲಿ ಪಾರ್ಕು ಕಟ್ಟುವವರು ಮರೆಯುತ್ತಾರೆಂಬುದು ವಿಚಿತ್ರ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4 ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಅಂಥಲ್ಲಿ ಬಯಲುಸೀಮೆಯ ನಮೂನೆಯನ್ನೇ ತಂದು ಇಂಟರ್‌ಲಾಕ್ ಹಾಸಿದರೆ ಜುಲೈ ಹೊತ್ತಿಗೆ ಹಾವಸೆ ಕಟ್ಟಿ ಜಾರುಬಂಡೆಯಾಗುತ್ತದೆ. ಮಕ್ಕಳ ಜಾರುಬಂಡೆಯ ಕಬ್ಬಿಣಕ್ಕೆ ಉಪ್ಪುಗಾಳಿಯಿಂದ ತುಕ್ಕು ಹಿಡಿದಿರುತ್ತದೆ. ವರ್ಷದ ಮೂರನೇ ಒಂದು ಪಾಲು ಮಳೆಯೇ ಆದ ಮೇಲೆ ಪಾರ್ಕಿನ ಒಂದು ಭಾಗಕ್ಕೆ ಮಾಡು ಬೇಡವೇ? ನಾಲ್ಕೂ ಕಡೆ ತೆರೆದ, ಹಂಚು ಹೊದಿಸಿದ, ಸುತ್ತ ಜಗಲಿಯಿರುವ ಒಂದು ಚಾವಡಿ ಸಾಕು. ಮಕ್ಕಳು ಒಳಗೆ ಓಡುತ್ತಾರೆ, ಹಿರಿಯರು ಜಗಲಿಯಲ್ಲಿ ಕೂರುತ್ತಾರೆ. ಅದನ್ನು ಕಟ್ಟುವ ಕೈಗಳು ಈ ಸೀಮೆಯಲ್ಲಿ ಇನ್ನೂ ಇವೆ. ನೆರಳಿಗೆ ಹೊನ್ನೆ, ಗೋಳಿ, ಮಾವು, ಹಲಸು. ನರ್ಸರಿಯಿಂದ ತಂದ ಅಲಂಕಾರದ ತಾಳೆಮರ ಯಾರ ತಲೆಯನ್ನೂ ಕಾಯುವುದಿಲ್ಲ.

ಗ್ರಾಮ ಪಂಚಾಯತಿನಿಂದ ಇದೆಲ್ಲ ಆಗುವ ಮಾತೇ ಎನ್ನುವವರಿಗೆ ಉತ್ತರ ಬ್ರಹ್ಮಾವರ ತಾಲೂಕಿನಲ್ಲೇ ಇದೆ. ಶಿವರಾಮ ಕಾರಂತರ ಹುಟ್ಟೂರಿನ ಮಗ್ಗುಲಿನ ಕೋಟತಟ್ಟಿನಲ್ಲಿ ಅವರ ಹೆಸರಿನ ಥೀಮ್ ಪಾರ್ಕ್ ತಲೆಯೆತ್ತಿದ್ದು ಗ್ರಾಮ ಪಂಚಾಯತಿನ ಮುತುವರ್ಜಿಯಿಂದ. ಅಲ್ಲಿ ಪುಸ್ತಕವಿದೆ, ರಂಗವಿದೆ, ಅಕ್ಟೋಬರದಲ್ಲಿ ಕಾರಂತರ ಹುಟ್ಟುಹಬ್ಬದ ಸಡಗರವಿದೆ. ಕಾರಂತರಿಗೆ ಇದಕ್ಕಿಂತ ಒಪ್ಪುವ ಸ್ಮಾರಕ ಕಷ್ಟ. 1930ರ ದಶಕದಲ್ಲೇ ಪುತ್ತೂರಿನಲ್ಲಿ ಬಾಲವನ ಕಟ್ಟಿ, ಮಕ್ಕಳು ಆಡುತ್ತ ಕಲಿಯಲು ಮರಗಳ ನಡುವೆ ಜಾಗ ಬೇಕೆಂದು ಮಾಡಿ ತೋರಿಸಿದವರು ಅವರು. ಹಾಗೆಂದು ಒಂದು ಥೀಮ್ ಪಾರ್ಕಿನಿಂದ ಹತ್ತು ಊರಿನ ಸಂಜೆ ತುಂಬುವುದಿಲ್ಲ. ಅದು ಹೋಗಿ ಬರುವ ಜಾಗ. ಕೇರಿಯ ಪಾರ್ಕು ದಿನಾ ಇರುವ ಜಾಗ. ಬೈಂದೂರಿನ ಒತ್ತಿನೆಣೆಯಲ್ಲಿರುವ ಅರಣ್ಯ ಇಲಾಖೆಯ ಕ್ಷಿತಿಜ ನೇಸರಧಾಮಕ್ಕೂ ಇದೇ ಮಾತು ಸಲ್ಲುತ್ತದೆ. ಸೂರ್ಯಾಸ್ತ ನೋಡಲು ಅದಕ್ಕೆ ಸಾಟಿಯಿಲ್ಲ, ಆದರೆ ಗುಡ್ಡ ಹತ್ತಲು ಗಾಡಿ ಬೇಕು. ಪ್ರವಾಸೋದ್ಯಮದ ಹೆಸರಿನಲ್ಲಿ ಬರುವ ಹಣ ಇಂಥ ಕಡೆ ಹೋಗುತ್ತದೆ, ಏಕೆಂದರೆ ಅಲ್ಲಿ ಫೋಟೋ ಚೆನ್ನಾಗಿ ಬರುತ್ತದೆ. ಕುಂದಾಪುರದ ಖಾರ್ವಿಕೇರಿಯ ಓಣಿಯ ಕೊನೆಯ ಹತ್ತು ಸೆಂಟ್ಸ್‌ನ ಫೋಟೋ ಯಾರು ತೆಗೆಯುತ್ತಾರೆ?

ಹೊಸ ಜಾಗ ಕೊಳ್ಳುವ ಮೊದಲು ಇರುವ ಜಾಗದ ಬೀಗ ತೆಗೆಯಬಹುದು. ಸರಕಾರಿ ಶಾಲೆಗಳ ಅಂಗಳಗಳು ಸಂಜೆ ಐದರ ಮೇಲೆ ಖಾಲಿ. ನ್ಯೂಯಾರ್ಕ್ ನಗರ 2007ರಲ್ಲಿ ಪ್ರತಿಯೊಬ್ಬರ ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿ ಪಾರ್ಕು ಇರಬೇಕೆಂದು ಹೊರಟಾಗ ಹಿಡಿದ ದಾರಿಗಳಲ್ಲಿ ಇದೂ ಒಂದು: ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಶಾಲೆಯ ಅಂಗಳಗಳನ್ನು ನೆರೆಹೊರೆಗೆ ತೆರೆಯುವುದು. ಇಲ್ಲಿ ಅದಕ್ಕೆ ತಡೆ ದುಡ್ಡಿನದಲ್ಲ. ಗಾಜು ಒಡೆದರೆ ಯಾರು ಹೊಣೆ, ಬಾಟಲಿ ಎಸೆದರೆ ಯಾರು ಹೆಕ್ಕುವುದು ಎಂಬ ಹೆಡ್ಮಾಸ್ತರರ ಚಿಂತೆ. ನ್ಯಾಯವಾದ ಚಿಂತೆಯೇ. ಪಂಚಾಯತ್ ಒಬ್ಬ ಕಾವಲುಗಾರನ ಸಂಬಳ ಹೊತ್ತರೆ ಅದು ಅರ್ಧ ಕಡಿಮೆಯಾದೀತು.

ಗುರುತಿಸಿಟ್ಟ ಜಾಗವನ್ನು ಉಳಿಸಿಕೊಳ್ಳಲು ಕಾನೂನಿನ ಬೆಂಬಲ ಗಟ್ಟಿಯಾಗಿಯೇ ಇದೆ, ಅದೂ ಕರ್ನಾಟಕದ್ದೇ ಮೊಕದ್ದಮೆಯಿಂದ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು 1976ರಲ್ಲಿ ಖಾಸಗಿ ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಡಲಾಯಿತು. ಬಡಾವಣೆಯ ನಿವಾಸಿಗಳು ಕೋರ್ಟಿಗೆ ಹೋದರು. ಆಸ್ಪತ್ರೆಯೂ ಜನೋಪಯೋಗಿ ತಾನೇ ಎಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಗಿ ಅಲ್ಲಿ ಬಿತ್ತು. ಪಾರ್ಕಿಗೆಂದು ಮೀಸಲಾದ ಜಾಗ ಸಾರ್ವಜನಿಕರದು, ಅದನ್ನು ಖಾಸಗಿಯವರಿಗೆ ಒಪ್ಪಿಸುವಂತಿಲ್ಲ, ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗಿದೆ ಎಂಬ ತೀರ್ಪು 1991ರಲ್ಲಿ ಬಂತು. ಮುದ್ದಪ್ಪ ಪ್ರಕರಣವೆಂದೇ ವಕೀಲರು ಇದನ್ನು ಇಂದಿಗೂ ಉದಾಹರಿಸುತ್ತಾರೆ. ಉದ್ಯಾನ, ಆಟದ ಮೈದಾನ, ತೆರೆದ ಜಾಗಗಳ ರಕ್ಷಣೆಗೆಂದೇ ರಾಜ್ಯದಲ್ಲಿ 1985ರ ಕಾಯ್ದೆಯೂ ಇದೆ. ಆದರೆ ತೀರ್ಪಾಗಲಿ ಕಾಯ್ದೆಯಾಗಲಿ ನೆರವಿಗೆ ಬರಬೇಕಾದರೆ ಜಾಗ ಮೊದಲು ಪಾರ್ಕು ಎಂದು ದಾಖಲೆಯಲ್ಲಿ ಹೆಸರಾಗಿರಬೇಕು. ಹಾಡಿ, ಹಕ್ಕಲು ಎಂದು ಬಾಯಿಮಾತಿನಲ್ಲಿದ್ದರೆ ಕೋರ್ಟಿಗೆ ಅದು ಕಾಣಿಸುವುದಿಲ್ಲ.

ಮುಂದಿನ ಗ್ರಾಮಸಭೆಗೆ, ಪುರಸಭೆಯವರಾದರೆ ವಾರ್ಡಿನ ಸದಸ್ಯರ ಬಳಿಗೆ, ಒಂದು ಅರ್ಜಿ ಬರೆದುಕೊಂಡು ಹೋಗಿ. ಹೆಚ್ಚೇನೂ ಕೇಳಬೇಡಿ. ನಮ್ಮ ವಾರ್ಡಿನಲ್ಲಿ ಇನ್ನೂ ಯಾರಿಗೂ ಹಂಚಿಕೆಯಾಗದ ಸರಕಾರಿ ಜಾಗ ಎಷ್ಟು ಸೆಂಟ್ಸ್ ಇದೆ, ಅದರ ಸರ್ವೆ ನಂಬರ್ ಯಾವುದು, ಅದರಲ್ಲಿ ಇಪ್ಪತ್ತೈದು ಸೆಂಟ್ಸನ್ನು ಮಕ್ಕಳಿಗೂ ಹಿರಿಯರಿಗೂ ಕಾದಿರಿಸುತ್ತೀರಾ? ಮೂರೇ ಸಾಲು. ಉತ್ತರವನ್ನು ಬರವಣಿಗೆಯಲ್ಲಿ ಕೇಳಿ, ಅರ್ಜಿಗೆ ಸೀಲು ಹಾಕಿಸಿ ಒಂದು ಪ್ರತಿ ಮನೆಯಲ್ಲಿಟ್ಟುಕೊಳ್ಳಿ.